ಓದುಗರ ಪ್ರಶ್ನೆ, ನಮ್ಮ ಉತ್ತರ: ಎದುರಾಳಿ ಗೇಮ್ ಕಂಪನಿಗಳು ಕೈಜೋಡಿಸಿದರೆ?

ಪ್ರಶ್ನೆ: ನಮ್ಮ ವಸತಿನಿಲಯದಲ್ಲಿ ಸೋನಿಯ ಪ್ಲೇಸ್ಟೇಷನ್ ಮೆಚ್ಚುವವರದು ಒಂದು ಗುಂಪು, ನಿಂಟೆಂಡೊ ಮೆಚ್ಚುವವರದು ಇನ್ನೊಂದು ಗುಂಪು. ಈ ಎರಡೂ ಕಂಪನಿಗಳು ಪಾಲುದಾರರಾಗಿ ಒಂದೇ ಯಂತ್ರವನ್ನು ಹೊರತಂದರೆ ಎಲ್ಲ ಆಟಗಳೂ ಒಂದೇ ಕಡೆ ಸಿಗುತ್ತವೆ, ಎರಡೆರಡು ಯಂತ್ರ ಕೊಳ್ಳುವ ಖರ್ಚೂ ಉಳಿಯುತ್ತದೆ ಎಂಬುದು ನನ್ನ ವಾದ. ಅಂಥದ್ದು ಸಾಧ್ಯವೇ? ಸಾಧ್ಯವಾದರೆ ನಮಗೆ ಲಾಭವೇ?
– ಪದವಿ ವಿದ್ಯಾರ್ಥಿ, ಟಿಳಕವಾಡಿ, ಬೆಳಗಾವಿ

ಉತ್ತರ: ನೀವು ಊಹಿಸಿರುವ ಪಾಲುದಾರಿಕೆಗೆ ಒಮ್ಮೆ ಸಹಿ ಬಿದ್ದಿತ್ತು, ಯಂತ್ರದ ಮಾದರಿಯೂ ತಯಾರಾಗಿತ್ತು. ಅದು ಮುರಿದುಬಿದ್ದ ಬಗೆಯನ್ನು ತಿಳಿದುಕೊಂಡರೆ ನಿಮ್ಮ ಎರಡೂ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ.

ಸೋನಿಯಲ್ಲಿ ಕೆನ್ ಕುಟರಾಗಿ ಎಂಬ ಎಂಜಿನಿಯರ್ ಇದ್ದರು. ನಿಂಟೆಂಡೊ 1990ರ ಕೊನೆಯಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಸೂಪರ್ ಫ್ಯಾಮಿಕಾಮ್ ಯಂತ್ರದ ಧ್ವನಿ ಚಿಪ್ ಅವರ ವಿನ್ಯಾಸವೇ. ಆ ಚಿಪ್ ಸಿದ್ಧಪಡಿಸುವಾಗಲೇ ಪರಿಚಯ ಬೆಳೆದು, 1988ರಲ್ಲಿ ಎರಡೂ ಕಂಪನಿಗಳ ನಡುವೆ ಒಂದು ಒಪ್ಪಂದವಾಯಿತು. ಸೂಪರ್ ಫ್ಯಾಮಿಕಾಮ್‌ಗೆ ಸಿಡಿ ಡ್ರೈವ್ ಜೋಡಿಸುವುದು ಮತ್ತು ಸೋನಿಯು ತನ್ನದೇ ಹೆಸರಿನಲ್ಲಿ ಕ್ಯಾಸೆಟ್ ಹಾಗೂ ಸಿಡಿ ಎರಡನ್ನೂ ಓದುವ ಯಂತ್ರವೊಂದನ್ನು ತರುವುದು ಅದರ ತಿರುಳಾಗಿತ್ತು. 1991ರ ಜೂನ್‌ನಲ್ಲಿ ಅಮೆರಿಕದ ಶಿಕಾಗೊದಲ್ಲಿ ನಡೆದ ಗ್ರಾಹಕ ಎಲೆಕ್ಟ್ರಾನಿಕ್ಸ್ ಪ್ರದರ್ಶನದಲ್ಲಿ ಸೋನಿ ಆ ಯಂತ್ರವನ್ನು ಪ್ಲೇ ಸ್ಟೇಷನ್ ಎಂಬ ಹೆಸರಿನಲ್ಲಿ ಘೋಷಿಸಿತು. ಮರುದಿನವೇ ನಿಂಟೆಂಡೊ ಅದೇ ಪ್ರದರ್ಶನದಲ್ಲಿ, ತಾನು ಸಿಡಿ ತಂತ್ರಜ್ಞಾನಕ್ಕಾಗಿ ನೆದರ್ಲೆಂಡ್ಸ್‌ನ ಫಿಲಿಪ್ಸ್ ಜೊತೆ ಹೋಗುತ್ತಿರುವುದಾಗಿ ಪ್ರಕಟಿಸಿತು.

ಇದನ್ನು ಬರಿಯ ವಿಶ್ವಾಸದ್ರೋಹದ ಕಥೆಯೆಂದು ಹೇಳುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದದ್ದು ಒಪ್ಪಂದದ ಒಂದು ಷರತ್ತು. ಸಿಡಿಯಲ್ಲಿ ಬರುವ ಆಟಗಳಿಗೆ ಪರವಾನಗಿ ಕೊಡುವ ಹಕ್ಕು ಸೋನಿಯ ಕೈಯಲ್ಲಿತ್ತು. ನಿಂಟೆಂಡೊದ ಸಂಪಾದನೆಯ ದೊಡ್ಡ ಪಾಲು ನಿಂತಿದ್ದದ್ದು ಪರವಾನಗಿಯ ಮೇಲೆಯೇ. ಅದರ ಯಂತ್ರಕ್ಕೆ ಆಟ ಬರೆಯುವ ಹೊರಗಿನ ಕಂಪನಿ ನಿಂಟೆಂಡೊಗೆ ಶುಲ್ಕ ಕಟ್ಟಬೇಕಿತ್ತು, ಕ್ಯಾಸೆಟ್‌ಗಳನ್ನು ನಿಂಟೆಂಡೊ ಮೂಲಕವೇ ತಯಾರಿಸಿಕೊಳ್ಳಬೇಕಿತ್ತು. ಅಮೆರಿಕದಲ್ಲಂತೂ ಒಂದು ಕಂಪನಿ ವರ್ಷಕ್ಕೆ 5 ಆಟಗಳಿಗಿಂತ ಹೆಚ್ಚು ಬಿಡುಗಡೆ ಮಾಡುವಂತಿರಲಿಲ್ಲ. ಅನುಮತಿಯಿಲ್ಲದ ಕ್ಯಾಸೆಟ್ ಓಡದಂತೆ ಯಂತ್ರದೊಳಗೆ ಬೀಗದಂಥ ಚಿಪ್ ಒಂದನ್ನು ಕೂರಿಸಲಾಗಿತ್ತು. ಅಂಥ ಕಂಪನಿಯ ಅಧ್ಯಕ್ಷ ಹಿರೋಶಿ ಯಮಾಉಚಿ ಅವರಿಗೆ, ಮುಂದಿನ ಕಾಲವೆಲ್ಲ ಸಿಡಿಯದೇ ಆಗಲಿದ್ದಾಗ ಅದರ ಬೀಗದ ಕೈಯನ್ನು ಬೇರೊಬ್ಬರಿಗೆ ಒಪ್ಪಿಸುವುದು ಸಾಧ್ಯವಿರಲಿಲ್ಲ.

ಆಮೇಲೂ ಮಾತುಕತೆ ಕೆಲಕಾಲ ನಡೆಯಿತು, ಫಲ ಕೊಡಲಿಲ್ಲ. ಸೋನಿಯ ಅಧ್ಯಕ್ಷ ನೊರಿಯೊ ಓಗಾ ಅವರು ಕುಟರಾಗಿಯವರ ಬೆನ್ನಿಗೆ ನಿಂತರು. 1994ರ ಡಿಸೆಂಬರ್ 3ರಂದು ಸೋನಿಯ ಸ್ವಂತ ಪ್ಲೇಸ್ಟೇಷನ್ ಜಪಾನಿನ ಅಂಗಡಿಗಳಿಗೆ ಬಂದಿತು. ಎರಡೂ ಕಂಪನಿಗಳು ಕೂಡಿ ಮಾಡಿದ್ದ ಹಳೆಯ ಮಾದರಿಗಳಲ್ಲಿ ಒಂದು 2015ರಲ್ಲಿ ಬೆಳಕಿಗೆ ಬಂದು, 2020ರ ಮಾರ್ಚ್‌ನಲ್ಲಿ 3.6 ಲಕ್ಷ ಡಾಲರ್‌ಗೆ ಹರಾಜಾಯಿತು. ಅದರ ಚಿತ್ರವನ್ನು ಗಮನವಿಟ್ಟು ನೋಡಿ: ಮೇಲ್ಭಾಗದಲ್ಲಿ ಕ್ಯಾಸೆಟ್ ಸಿಕ್ಕಿಸುವ ಸೀಳು, ಮುಂಭಾಗದಲ್ಲಿ ಸಿಡಿ ತಟ್ಟೆ, ಸೂಪರ್ ಫ್ಯಾಮಿಕಾಮ್‌ನದೇ ಆಕಾರದ ಕಂಟ್ರೋಲರ್, ಅದರ ಮೇಲೆ ಸೋನಿಯ ಹೆಸರು. ನೀವು ಬಯಸುವ ಯಂತ್ರ ಇದೇ ಅಲ್ಲವೇ?

ಈಗ ನಿಮ್ಮ ಎರಡನೆಯ ಪ್ರಶ್ನೆ, ಅದು ಕೈಗೂಡಿದ್ದರೆ ನಮಗೆ ಲಾಭವಾಗುತ್ತಿತ್ತೇ ಎಂಬುದು. ನಾನು ಇಲ್ಲವೆಂದೇ ಹೇಳುತ್ತೇನೆ. ಅವರು ಬೇರೆಯಾದ ಮೇಲೆ ನಡೆದದ್ದನ್ನು ನೋಡಿ. ನಿಂಟೆಂಡೊ 1996ರಲ್ಲಿ ತಂದ ನಿಂಟೆಂಡೊ 64 ಯಂತ್ರ ಕ್ಯಾಸೆಟ್‌ನಲ್ಲೇ ಉಳಿಯಿತು. ಅದರ ಅತಿ ದೊಡ್ಡ ಕ್ಯಾಸೆಟ್‌ಗೆ 64 ಎಂಬಿ ಹಿಡಿಯುತ್ತಿತ್ತು, ಒಂದು ಸಿಡಿಗೆ 650 ಎಂಬಿ. ಸಿಡಿ ಅಚ್ಚು ಹಾಕುವ ಖರ್ಚೂ ತೀರ ಕಡಿಮೆ. ಅಲ್ಲಿಯವರೆಗೆ ನಿಂಟೆಂಡೊ ಯಂತ್ರಗಳಿಗೇ ಬರುತ್ತಿದ್ದ ಫೈನಲ್ ಫ್ಯಾಂಟಸಿ ಸರಣಿಯ ಏಳನೆಯ ಆಟವು 1997ರಲ್ಲಿ ಮೂರು ಸಿಡಿಗಳಲ್ಲಿ ಪ್ಲೇಸ್ಟೇಷನ್‌ಗೆ ಬಂದಿತು. ನಿಂಟೆಂಡೊ 64 ಸುಮಾರು 3.3 ಕೋಟಿ ಮಾರಾಟವಾದರೆ ಪ್ಲೇಸ್ಟೇಷನ್ 10 ಕೋಟಿ ದಾಟಿತು. ಆಟ ಬರೆಯುವವರಿಗೆ ಹೋಗಲು ಇನ್ನೊಂದು ಬಾಗಿಲು ಇದ್ದದ್ದರಿಂದಲೇ ಇದೆಲ್ಲ ಆಯಿತು.

ನಮ್ಮ ಭಾಗದ ಕಬ್ಬು ಬೆಳೆಗಾರರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಗೋಕಾಕ, ರಾಯಬಾಗ, ಮುಧೋಳ, ಜಮಖಂಡಿಯ ಸುತ್ತ ಒಂದಕ್ಕಿಂತ ಹೆಚ್ಚು ಕಾರ್ಖಾನೆಗಳಿದ್ದಾಗ, ಒಂದು ಕಾರ್ಖಾನೆ ಬಿಲ್ ಬಾಕಿ ಉಳಿಸಿಕೊಂಡರೆ ಮುಂದಿನ ಹಂಗಾಮಿಗೆ ಕಬ್ಬು ಇನ್ನೊಂದಕ್ಕೆ ಹೋಗುತ್ತದೆ. ಎರಡಕ್ಕೂ ಒಬ್ಬನೇ ಯಜಮಾನನಾದರೆ ಅವನು ಹೇಳಿದ್ದೇ ದರ, ಅವನು ಕೊಟ್ಟಾಗಲೇ ಬಿಲ್. ಇಂದು ಈ ಕಂಪನಿಗಳ ಆನ್‌ಲೈನ್ ಮಳಿಗೆಗಳಲ್ಲಿ ಮಾರಾಟವಾಗುವ ಆಟದ ಬೆಲೆಯಲ್ಲಿ ಸಾಮಾನ್ಯವಾಗಿ ಶೇ 30ರಷ್ಟು ಯಂತ್ರದ ಒಡೆಯನ ಪಾಲಾಗುತ್ತದೆ. ಯಂತ್ರ ಒಂದೇ ಆಗಿ, ಮಳಿಗೆಯೂ ಒಂದೇ ಆದರೆ ಆ ಪಾಲನ್ನು ಕಡಿಮೆ ಮಾಡಿಸುವ ಶಕ್ತಿ ಯಾರಿಗೆ ಉಳಿಯುತ್ತದೆ? ಯಂತ್ರವನ್ನು ಅಸಲಿಗೋ ನಷ್ಟಕ್ಕೋ ಮಾರಿ, ಆಟಗಳ ಮೂಲಕ ಹಣ ಗಳಿಸುವುದು ಈ ವ್ಯಾಪಾರದ ಹಳೆಯ ಪದ್ಧತಿ. ಎದುರಾಳಿ ಇರುವುದರಿಂದಲೇ ಯಂತ್ರದ ಬೆಲೆ ಹಿಡಿತದಲ್ಲಿರುತ್ತದೆ. ಎರಡು ಯಂತ್ರದ ಬದಲು ಒಂದನ್ನೇ ಕೊಂಡು ನೀವು ಉಳಿಸುವ ಹಣ ಬಹಳ ದಿನ ನಿಮ್ಮ ಕೈಯಲ್ಲಿ ಉಳಿಯಲಾರದು.

ದೊಡ್ಡ ಕಂಪನಿಗಳು ಇಂಥ ಆಸೆಯನ್ನು ಬಿಟ್ಟಿಲ್ಲ ಎಂಬುದೂ ನಿಜ. ತನ್ನ ಗೇಮ್ ಯಂತ್ರವಾದ ಎಕ್ಸ್‌ಬಾಕ್ಸ್ ತರುವ ಮುನ್ನವೇ ಮೈಕ್ರೋಸಾಫ್ಟ್ ನಿಂಟೆಂಡೊವನ್ನು ಕೊಳ್ಳಲು ಮಾತನಾಡಿತ್ತು, ನಿಂಟೆಂಡೊ ಒಪ್ಪಲಿಲ್ಲ. ಆ ಆಸೆ 2020ರಲ್ಲೂ ಜೀವಂತವಾಗಿತ್ತೆಂಬುದು ಎಕ್ಸ್‌ಬಾಕ್ಸ್ ಮುಖ್ಯಸ್ಥರಾಗಿದ್ದ ಫಿಲ್ ಸ್ಪೆನ್ಸರ್ ಅವರ ಆಂತರಿಕ ಇಮೇಲ್‌ನಿಂದ ತಿಳಿಯಿತು. 2023ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯದ ಕಡತಗಳ ಜೊತೆ ಅದು ಹೊರಬಿದ್ದಿತು. ಆದರೆ ಕಾನೂನಿನ ಅಡ್ಡಿ ಸಣ್ಣದಲ್ಲ. ಆಕ್ಟಿವಿಷನ್ ಬ್ಲಿಜಾರ್ಡ್ ಎಂಬ ಆಟ ತಯಾರಕ ಕಂಪನಿಯನ್ನು 6,870 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಮೈಕ್ರೋಸಾಫ್ಟ್ 2022ರ ಜನವರಿಯಲ್ಲಿ ಘೋಷಿಸಿದರೂ ವ್ಯವಹಾರ ಮುಗಿದದ್ದು 2023ರ ಅಕ್ಟೋಬರ್‌ನಲ್ಲಿ. ಅಮೆರಿಕ ಮತ್ತು ಬ್ರಿಟನ್ನಿನ ನಿಯಂತ್ರಣ ಸಂಸ್ಥೆಗಳು ಆಕ್ಷೇಪಿಸಿದವು. ಆ ನಡುವೆ ಕಾಲ್ ಆಫ್ ಡ್ಯೂಟಿ ಆಟವನ್ನು 10 ವರ್ಷ ಎದುರಾಳಿಗಳಿಗೂ ಕೊಡುವುದಾಗಿ ಮೈಕ್ರೋಸಾಫ್ಟ್ ಮೊದಲು ನಿಂಟೆಂಡೊ ಜೊತೆ, ಬಳಿಕ ಸೋನಿ ಜೊತೆ ಒಪ್ಪಂದ ಮಾಡಿಕೊಂಡಿತು. ನಾನು ಸ್ವಾಗತಿಸುವ ಪಾಲುದಾರಿಕೆ ಈ ಬಗೆಯದು. ಯಂತ್ರಗಳು ಬೇರೆಯಾಗಿಯೇ ಇರುತ್ತವೆ, ಆಟ ಮಾತ್ರ ಎಲ್ಲರಿಗೂ ಸಿಗುತ್ತದೆ.

ಪ್ರಶ್ನೆ: ಪಿಎಸ್5 (ಪ್ಲೇಸ್ಟೇಷನ್ 5) ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡರಲ್ಲೂ ಎಎಂಡಿ ಕಂಪನಿಯ ಚಿಪ್ ಇದೆ ಎಂದು ಓದಿದ್ದೇನೆ. ಹಾಗಿದ್ದರೆ ಒಂದರ ಡಿಸ್ಕ್ ಇನ್ನೊಂದರಲ್ಲಿ ಏಕೆ ಓಡುವುದಿಲ್ಲ? ಕಂಪನಿಗಳು ಮನಸ್ಸು ಮಾಡಿದರೆ ಇದು ಸುಲಭವಲ್ಲವೇ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ವಿಜಯಪುರ

ಉತ್ತರ: ನೀವು ಓದಿದ್ದು ಸರಿ. ಎರಡರಲ್ಲೂ ಜೆನ್ 2 ಬಗೆಯ 8 ಕೋರ್‌ಗಳ ಪ್ರೊಸೆಸರ್ ಇದೆ, ಗ್ರಾಫಿಕ್ಸ್ ಭಾಗ ಆರ್‌ಡಿಎನ್‌ಎ 2 ಕುಲಕ್ಕೆ ಸೇರಿದ್ದು, ಮೆಮೊರಿ 16 ಜಿಬಿ. ವ್ಯತ್ಯಾಸವಿರುವುದು ಅಳತೆಗಳಲ್ಲಿ: ಸೀರೀಸ್ ಎಕ್ಸ್‌ನ ಗ್ರಾಫಿಕ್ಸ್ ಶಕ್ತಿ ಸುಮಾರು 12 ಟೆರಾಫ್ಲಾಪ್ (ಒಂದು ಟೆರಾಫ್ಲಾಪ್ ಎಂದರೆ ಸೆಕೆಂಡಿಗೆ ಒಂದು ಲಕ್ಷ ಕೋಟಿ ಲೆಕ್ಕ), ಪಿಎಸ್5ರದು ಸುಮಾರು 10. ಪಿಎಸ್5ರಲ್ಲಿ ಆಟಗಳನ್ನು ಸಂಗ್ರಹಿಸಿಡುವ ಎಸ್‌ಎಸ್‌ಡಿ ಸೆಕೆಂಡಿಗೆ 5.5 ಜಿಬಿ ಓದುತ್ತದೆ, ಸೀರೀಸ್ ಎಕ್ಸ್‌ನದು 2.4 ಜಿಬಿ.

ಆದರೆ ಆಟವು ನೇರವಾಗಿ ಚಿಪ್ ಜೊತೆ ಮಾತನಾಡುವುದಿಲ್ಲ. ನಡುವೆ ಆಪರೇಟಿಂಗ್ ಸಿಸ್ಟಂ ಮತ್ತು ಗ್ರಾಫಿಕ್ಸ್ ಆದೇಶಗಳ ಪದರವಿದೆ. ಮೈಕ್ರೋಸಾಫ್ಟ್‌ನಲ್ಲಿ ಅದು ಡೈರೆಕ್ಟ್‌ಎಕ್ಸ್ 12, ಸೋನಿಯಲ್ಲಿ ಅದರದೇ ಪ್ರತ್ಯೇಕ ವ್ಯವಸ್ಥೆ. ಸ್ನೇಹಿತರ ಪಟ್ಟಿ, ಆಟ ಉಳಿಸುವುದು, ಪದಕಗಳು, ಖರೀದಿ ಎಲ್ಲವೂ ಆಯಾ ಕಂಪನಿಯ ಸರ್ವರ್‌ಗೆ ಕಟ್ಟಿಕೊಂಡಿವೆ. ಅದಕ್ಕೂ ಮಿಗಿಲಾಗಿ ಪ್ರತಿ ಆಟಕ್ಕೂ ಕಂಪನಿಯ ಡಿಜಿಟಲ್ ಸಹಿ ಇರಬೇಕು. ಆ ಸಹಿಯಿಲ್ಲದ್ದನ್ನು ಯಂತ್ರ ತೆರೆಯುವುದೇ ಇಲ್ಲ. ಮೊದಲ ಉತ್ತರದಲ್ಲಿ ಹೇಳಿದ ಕ್ಯಾಸೆಟ್ ಕಾಲದ ಬೀಗದ ಚಿಪ್ ಮಾಡುತ್ತಿದ್ದ ಕೆಲಸವನ್ನು ಈಗ ಗೂಢಲಿಪಿಯ ಕೀಲಿ ಮಾಡುತ್ತದೆ. ಹೀಗಾಗಿ ತಾಂತ್ರಿಕ ತೊಡಕನ್ನು ಬಿಡಿಸಲು ಸಾಧ್ಯವಿದ್ದರೂ ಆ ಕೀಲಿಯನ್ನು ಹಂಚಿಕೊಳ್ಳುವುದೆಂದರೆ ಪರವಾನಗಿಯ ಆದಾಯವನ್ನೇ ಹಂಚಿಕೊಂಡಂತೆ. 1991ರಲ್ಲಿ ಒಪ್ಪಂದ ಮುರಿದದ್ದೂ ಇದೇ ಕಾರಣಕ್ಕೆ. ತೆರೆಯ ಹಿಂದಿನ ಕೆಲಸದಲ್ಲಿ ಅವರಿಗೆ ಇಷ್ಟು ಬಿಗುಮಾನವಿಲ್ಲ. 2019ರ ಮೇ ತಿಂಗಳಲ್ಲಿ ಸೋನಿ ಮತ್ತು ಮೈಕ್ರೋಸಾಫ್ಟ್ ಕ್ಲೌಡ್ ತಂತ್ರಜ್ಞಾನದಲ್ಲಿ ಸಹಕರಿಸುವ ತಿಳಿವಳಿಕೆ ಪತ್ರಕ್ಕೆ ಒಪ್ಪಿಕೊಂಡಿದ್ದನ್ನು ನೀವು ಗಮನಿಸಿರಬಹುದು.

ಪ್ರಶ್ನೆ: ತೊಂಬತ್ತರ ದಶಕದಲ್ಲಿ ನಮ್ಮ ಅಂಗಡಿಯಲ್ಲಿ ವಿಡಿಯೊ ಗೇಮ್ ಬಾಡಿಗೆಗೆ ಕೊಡುತ್ತಿದ್ದೆವು. ಆಗ ಮಾರಿಯೊ ಇದ್ದಲ್ಲಿ ಸೋನಿಕ್ ಇರುತ್ತಿರಲಿಲ್ಲ. ಈಗ ಇಬ್ಬರೂ ಒಂದೇ ಆಟದಲ್ಲಿ ಓಡುತ್ತಾರೆಂದು ಮೊಮ್ಮಗ ಹೇಳುತ್ತಾನೆ. ಆ ಕಂಪನಿಗಳು ಒಂದಾದವೇ?
– ಹಳೆಯ ಅಂಗಡಿಕಾರರು, ಇಳಕಲ್ಲ, ಬಾಗಲಕೋಟೆ ಜಿಲ್ಲೆ

ಉತ್ತರ: ಒಂದಾಗಲಿಲ್ಲ, ಹಿರಿಯರೇ. ಮಾರಿಯೊ ನಿಂಟೆಂಡೊದ ಪಾತ್ರ. ಸೋನಿಕ್‌ನ ಒಡೆಯ ಸೆಗಾ ಕಂಪನಿಯು 1998ರಲ್ಲಿ ತಂದ ಡ್ರೀಮ್‌ಕಾಸ್ಟ್ ಯಂತ್ರ ನಷ್ಟಕ್ಕೆ ಸಿಲುಕಿದ್ದರಿಂದ, 2001ರಲ್ಲಿ ಅದರ ತಯಾರಿಕೆಯನ್ನು ನಿಲ್ಲಿಸಿ ಎಲ್ಲರ ಯಂತ್ರಗಳಿಗೂ ಆಟ ಬರೆಯುವ ಕಂಪನಿಯಾಗಿ ಉಳಿಯಿತು. ಅದೇ ವರ್ಷ ಸೋನಿಕ್ ನಿಂಟೆಂಡೊ ಯಂತ್ರಕ್ಕೆ ಬಂದಿತು, 2003ರಲ್ಲಿ ನಿಂಟೆಂಡೊದ ಎಫ್-ಜೀರೊ ಸರಣಿಯ ಒಂದು ಆಟವನ್ನು ಸೆಗಾದವರೇ ತಯಾರಿಸಿಕೊಟ್ಟರು, 2007ರಲ್ಲಿ ಮಾರಿಯೊ ಮತ್ತು ಸೋನಿಕ್ ಒಲಿಂಪಿಕ್ಸ್ ವಿಷಯದ ಆಟವೊಂದರಲ್ಲಿ ಜೊತೆಯಾದರು. ನಿಮ್ಮ ಮೊಮ್ಮಗ ಹೇಳಿದ್ದು ಈ ಸರಣಿಯ ಆಟವೇ ಇರಬೇಕು. ನಮ್ಮ ಊರುಗಳಲ್ಲಿ ಆಗ ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತಿದ್ದ ಯಂತ್ರಗಳಲ್ಲಿ ಬಹುಪಾಲು ನಿಂಟೆಂಡೊದ ಫ್ಯಾಮಿಕಾಮ್‌ನ ನಕಲುಗಳು. ಊದಿ ಊದಿ ಸಿಕ್ಕಿಸುತ್ತಿದ್ದ ಆ ಕ್ಯಾಸೆಟ್‌ಗಳ ಹಣದಲ್ಲಿ ಮೂಲ ಕಂಪನಿಗೆ ಪಾಲು ಹೋಗುತ್ತಿರಲಿಲ್ಲ. ಆದರೂ ಒಂದು ಪೀಳಿಗೆಗೆ ಈ ಆಟಗಳ ಗೀಳು ಹಚ್ಚಿದವರು ನಿಮ್ಮಂಥ ಅಂಗಡಿಯವರೇ, ಅದನ್ನು ನಾನು ಗೌರವದಿಂದ ನೆನೆಯುತ್ತೇನೆ.

ಪ್ರಶ್ನೆ: ಮಗನಿಗೆ ಪಿಎಸ್5 ಕೊಡಿಸಬೇಕೆಂದಿದ್ದೇವೆ. ವಿಜಯಪುರದಲ್ಲಿರುವ ನನ್ನ ಅಕ್ಕನ ಮಗನ ಬಳಿ ಎಕ್ಸ್‌ಬಾಕ್ಸ್ ಇದೆ. ಅಣ್ಣತಮ್ಮಂದಿರು ಕೂಡಿ ಆಡಬೇಕೆಂಬುದೇ ಅವರ ಆಸೆ. ಕಂಪನಿಗಳು ರಾಜಿಯಾಗುವವರೆಗೆ ಕಾಯಬೇಕೇ?
– ಗೃಹಿಣಿ, ನವನಗರ, ಬಾಗಲಕೋಟೆ

ಉತ್ತರ: ಕಾಯಬೇಕಾಗಿಲ್ಲ ತಾಯಿ, ಈ ವಿಷಯದಲ್ಲಿ ರಾಜಿ ಆಗಿದೆ. 2018ರ ಜೂನ್‌ನಲ್ಲಿ ನಿಂಟೆಂಡೊ ಮತ್ತು ಎಕ್ಸ್‌ಬಾಕ್ಸ್ ಆಟಗಾರರು ಮೈನ್‌ಕ್ರಾಫ್ಟ್‌ನಲ್ಲಿ ಕೂಡಿ ಆಡುವ ಜಾಹೀರಾತು ಬಂದಾಗಲೂ ಸೋನಿ ಹೊರಗೇ ನಿಂತಿತ್ತು. ಆಟಗಾರರು ಬಲವಾಗಿ ಆಕ್ಷೇಪಿಸಿದ ಮೇಲೆ, ಅದೇ ಸೆಪ್ಟೆಂಬರ್‌ನಲ್ಲಿ ಫೋರ್ಟ್‌ನೈಟ್ ಆಟಕ್ಕೆ ಬಾಗಿಲು ತೆರೆಯಿತು. ಮೈನ್‌ಕ್ರಾಫ್ಟ್‌ಗೆ 2019ರ ಡಿಸೆಂಬರ್‌ನಲ್ಲಿ ಅವಕಾಶ ಸಿಕ್ಕಿತು. ಫೋರ್ಟ್‌ನೈಟ್, ರಾಕೆಟ್ ಲೀಗ್, ಮೈನ್‌ಕ್ರಾಫ್ಟ್, ಇಎ ಸ್ಪೋರ್ಟ್ಸ್‌ನ ಫುಟ್ಬಾಲ್ ಆಟ (ಇದಕ್ಕೆ ಎರಡೂ ಒಂದೇ ಪೀಳಿಗೆಯ ಯಂತ್ರಗಳಾಗಿರಬೇಕು), ಇವುಗಳನ್ನು ಇಬ್ಬರೂ ತಮ್ಮ ತಮ್ಮ ಮನೆಯಿಂದ ಕೂಡಿ ಆಡಬಹುದು.

ಖರ್ಚಿನ ವಿಷಯದಲ್ಲಿ ಎಚ್ಚರವಿರಲಿ. ಹಣ ಕೊಟ್ಟು ಕೊಳ್ಳುವ ಆಟವನ್ನು ಎರಡೂ ಮನೆಯವರು ಬೇರೆ ಬೇರೆಯಾಗಿ ಕೊಳ್ಳಬೇಕು. ಅಂಥ ಆಟಗಳನ್ನು ಆನ್‌ಲೈನ್‌ನಲ್ಲಿ ಕೂಡಿ ಆಡಲು ಸಾಮಾನ್ಯವಾಗಿ ಎರಡೂ ಯಂತ್ರಗಳಿಗೆ ಪ್ರತ್ಯೇಕ ಚಂದಾ ಬೇಕಾಗುತ್ತದೆ. ಫೋರ್ಟ್‌ನೈಟ್, ರಾಕೆಟ್ ಲೀಗ್‌ನಂಥ ಉಚಿತ ಆಟಗಳಿಗೆ ಚಂದಾ ಬೇಡ, ಆದರೆ ಅವುಗಳೊಳಗೆ ವೇಷಭೂಷಣ ಮಾರುವ ಅಂಗಡಿಯಿದೆ. ಕಾರ್ಡ್ ವಿವರವನ್ನು ಯಂತ್ರದಲ್ಲಿ ಉಳಿಸಬೇಡಿ. ಮೈನ್‌ಕ್ರಾಫ್ಟ್ ಮೈಕ್ರೋಸಾಫ್ಟ್ ಒಡೆತನದ ಆಟವಾದ್ದರಿಂದ, ಪಿಎಸ್5ರಲ್ಲಿ ಆಡಿದರೂ ಬೇರೆ ಯಂತ್ರದವರ ಜೊತೆ ಕೂಡಲು ಮಗನ ಹೆಸರಿನಲ್ಲಿ ಮೈಕ್ರೋಸಾಫ್ಟ್ ಖಾತೆ ತೆರೆಯಬೇಕು. ಚಿಕ್ಕವರ ಖಾತೆಗೆ ಪಾಲಕರು ಅನುಮತಿ ಕೊಟ್ಟ ಮೇಲೆಯೇ ಇತರರ ಜೊತೆ ಆಡಲು ಸಾಧ್ಯ. ಅನುಮತಿ ಕೊಡುವ ಖಾತೆಯ ಪಾಸ್‌ವರ್ಡ್ ನಿಮ್ಮ ಕೈಯಲ್ಲೇ ಇರಲಿ.

ಸೋನಿ ತನ್ನ ಯಂತ್ರಕ್ಕೆಂದೇ ಮಾಡಿಸುವ ಗ್ರ್ಯಾನ್ ಟುರಿಸ್ಮೊದಂಥ ಆಟಗಳು ನಿಮ್ಮ ಅಕ್ಕನ ಮಗನಿಗೆ ಸಿಗುವುದಿಲ್ಲ. ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಇಬ್ಬರೂ ಹುಡುಗರನ್ನು ಫೋನಿನಲ್ಲಿ ಕೂಡಿಸಿ, ಆಡಬೇಕೆಂದಿರುವ ಆಟಗಳ ಹೆಸರನ್ನು ಬರೆಸಿಕೊಳ್ಳಿ. ಅವು ಎರಡೂ ಯಂತ್ರಗಳ ನಡುವೆ ಕ್ರಾಸ್‌ಪ್ಲೇ (ಕೂಡಿ ಆಡುವ) ಸೌಲಭ್ಯ ಹೊಂದಿವೆಯೇ ಎಂದು ಆಯಾ ಆಟದ ವಿವರದಲ್ಲಿ ನೋಡಿಕೊಂಡು, ಆಮೇಲೆ ಹಣ ಕಟ್ಟಿ.