ಮಕ್ಕಳನ್ನೇ ಕೇಳಿ ನೋಡಿದ್ದೇವಾ?

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: "ಮಗನ ಹೈಸ್ಕೂಲಿಗೆ ಸಂಶೋಧನೆ ಮಾಡುವವರು ಬಂದು ಸಿಗರೇಟು, ಗುಟ್ಕಾ, ಗಾಂಜಾ ಬಗ್ಗೆ ಪ್ರಶ್ನಾವಳಿ ಹಂಚಿದ್ದಾರೆ. ಏನೂ ಅರಿಯದ ಮಕ್ಕಳ ತಲೆಗೆ ಇದನ್ನೆಲ್ಲ ಯಾಕೆ ತುಂಬಬೇಕು? ಪೊಲೀಸರಿಂದ ಒಂದು ಭಾಷಣ ಮಾಡಿಸಿದರೆ ಸಾಲದೇ?"

ಹೆತ್ತವರಿಗೆ ತಿಳಿಸದೆ ಹಂಚಿದ್ದರೆ ತಪ್ಪೇ. ನಿಮ್ಮ ಆತಂಕವೂ ಸಹಜ. ಆದರೆ "ಏನೂ ಅರಿಯದ ಮಕ್ಕಳು" ಅನ್ನುವುದನ್ನು ನಾನು ಒಪ್ಪುವುದಿಲ್ಲ. 2004ರಲ್ಲಿ ದೆಹಲಿ ಮತ್ತು ಚೆನ್ನೈನ 32 ಶಾಲೆಗಳಲ್ಲಿ ಹೃದಯ್ ಅನ್ನುವ ಸ್ವಯಂಸೇವಾ ಸಂಸ್ಥೆ ಮತ್ತು ಅಮೆರಿಕದ ಸಂಶೋಧಕರು ಸೇರಿ ಮಕ್ಕಳನ್ನು ತಂಬಾಕಿನ ಬಗ್ಗೆ ಕೇಳಿದರು. ಎಂಟನೇ ತರಗತಿಯವರಿಗಿಂತ ಆರನೆಯವರೇ ಜಾಸ್ತಿ ಬಳಸುತ್ತಿದ್ದರು! ಕೇಳದೇ ಇದ್ದಿದ್ದರೆ ಇದು ಯಾರಿಗೆ ಗೊತ್ತಾಗುತ್ತಿತ್ತು? ಆಮೇಲೆ ಅರ್ಧದಷ್ಟು ಶಾಲೆಗಳಲ್ಲಿ ಎರಡು ವರ್ಷ 'ಮೈತ್ರಿ' ಅನ್ನುವ ತಂಬಾಕು ವಿರೋಧಿ ಕಾರ್ಯಕ್ರಮ ನಡೆಯಿತು. ತರಗತಿಯಲ್ಲಿ ಚಟುವಟಿಕೆ, ಗೋಡೆಗೆ ಪೋಸ್ಟರ್, ಮನೆಗೆ ಕಾರ್ಡು. ಮಕ್ಕಳೇ ಮುಂದಾಳುಗಳು. ಆ ಶಾಲೆಗಳಲ್ಲಿ ತಂಬಾಕು ಬಳಕೆ ಶೇ. 17ರಷ್ಟು ಇಳಿಯಿತು. ಉಳಿದ ಶಾಲೆಗಳಲ್ಲಿ ಶೇ. 68ರಷ್ಟು ಏರಿತು.

ಇನ್ನು ಪೊಲೀಸರ ಭಾಷಣ. 1983ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 'ಡೇರ್' ಅನ್ನುವ ಮಾದಕ ವಸ್ತು ವಿರೋಧಿ ಕಾರ್ಯಕ್ರಮ ಶುರುವಾಯಿತು. ಪೊಲೀಸರೇ ತರಗತಿಗೆ ಬಂದು ಪಾಠ ಮಾಡುತ್ತಿದ್ದರು. ಅಮೆರಿಕದ ಉದ್ದಗಲಕ್ಕೂ ಹಬ್ಬಿತು. ಅಲ್ಲಿನ ಕೆಂಟಕಿ ರಾಜ್ಯದಲ್ಲಿ ಹತ್ತು ವರ್ಷದ ಬಳಿಕ ನೋಡಿದರೆ, ಆ ಪಾಠ ಕೇಳಿದವರಿಗೂ ಕೇಳದವರಿಗೂ ಮಾದಕ ವಸ್ತು ಬಳಕೆಯಲ್ಲಿ ವ್ಯತ್ಯಾಸವೇ ಇರಲಿಲ್ಲ. ಕೊನೆಗೆ 2009ರಲ್ಲಿ ಡೇರ್‌ನವರೇ ವಿಶ್ವವಿದ್ಯಾಲಯದ ಸಂಶೋಧಕರು ಮಕ್ಕಳ ಅನುಭವ ಕೇಳಿ ರೂಪಿಸಿದ ಪಾಠವನ್ನು ತೆಗೆದುಕೊಂಡರು.

ಐಸ್‌ಲ್ಯಾಂಡಿನಲ್ಲೂ ಕುಡಿತ, ಸಿಗರೇಟಿನ ಬಗ್ಗೆ ಶಾಲಾ ಮಕ್ಕಳನ್ನೇ ಕೇಳುತ್ತಾರೆ. ಆ ಸಮೀಕ್ಷೆ ಮುಗಿದ ಕೆಲವೇ ವಾರಗಳಲ್ಲಿ ಆಯಾ ಶಾಲೆಯ ಫಲಿತಾಂಶ ಆಯಾ ಶಾಲೆಗೆ ತಲುಪುತ್ತದೆ. ಅದನ್ನು ಹಿಡಿದು ಊರಿನವರು ಕೂತು ಮಾತಾಡುತ್ತಾರೆ. ಹಿಂದಿನ ತಿಂಗಳಲ್ಲಿ ಕುಡಿದು ಅಮಲೇರಿಸಿಕೊಂಡಿದ್ದ 15-16 ವಯಸ್ಸಿನವರು 1998ರಲ್ಲಿ ಶೇ. 42 ಇದ್ದರು. 2016ಕ್ಕೆ ಶೇ. 5.

ನಮ್ಮಲ್ಲಿ? ಜೂನ್ 26ರ ಮಾದಕ ವಸ್ತು ವಿರೋಧಿ ದಿನಕ್ಕೆ ಒಂದು ಜಾಥಾ, ಒಂದು ಪ್ರತಿಜ್ಞೆ, ಒಂದು ಗ್ರೂಪ್ ಫೋಟೊ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರದು ಅಂತ 2003ರಲ್ಲೇ ಕಾಯ್ದೆ ಬಂದಿದೆ. ಆದರೂ ಎಷ್ಟೋ ಕಡೆ ಗೇಟಿನ ಎದುರೇ ಪ್ಯಾಕೆಟ್ಟುಗಳು ನೇತಾಡುತ್ತವೆ. ಆಡಳಿತ ಮಂಡಳಿಯನ್ನು ಕೇಳಿದರೆ "ನಮ್ಮ ಶಾಲೆಯಲ್ಲಿ ಅಂಥದ್ದೇನಿಲ್ಲ" ಅನ್ನುತ್ತಾರೆ. ಅವರಿಗೆ ಮಕ್ಕಳಿಗಿಂತ ಶಾಲೆಯ ಹೆಸರಿನ ಚಿಂತೆ. ವಿಶ್ವವಿದ್ಯಾಲಯದವರೂ ಕಡಿಮೆಯಿಲ್ಲ. ಹಾಳೆ ತುಂಬಿಸಿಕೊಂಡು ಹೋದವರು ಮತ್ತೆ ಆ ಶಾಲೆಯ ಕಡೆ ತಲೆ ಹಾಕುವುದಿಲ್ಲ. ಅವರಿಗೆ ಪಿಎಚ್‌ಡಿ ಸಿಗುತ್ತದೆ. ಹೆಡ್‌ಮಾಸ್ಟರ ಕೈಗೆ ಒಂದು ಹಾಳೆಯೂ ಬರುವುದಿಲ್ಲ.

ನಿಮ್ಮ ಸಿಟ್ಟು ಇದರ ಮೇಲೆ ಹರಿಯಬೇಕಿತ್ತು ಅಲ್ವಾ? ಮಗನ ಶಾಲೆಯ ಬಗ್ಗೆ ಪತ್ರ ಬರೆಯುವಷ್ಟು ಕಾಳಜಿ ಎಲ್ಲ ಅಪ್ಪ ಅಮ್ಮಂದಿರಿಗೂ ಇರುವುದಿಲ್ಲ. ಮುಂದಿನ ಪೋಷಕರ ಸಭೆಗೆ ಆ ಸಂಶೋಧಕರನ್ನು ಕರೆಸಿ. ಮಕ್ಕಳು ಏನು ಹೇಳಿದರು, ಮುಂದೇನು ಮಾಡುತ್ತೀರಿ, ಮತ್ತೆ ಯಾವಾಗ ಬರುತ್ತೀರಿ ಅಂತ ಎಲ್ಲರ ಎದುರೇ ಕೇಳಿ.

-ಸಂ.