ಹಾಕಿ ಗೊತ್ತಿಲ್ಲದಿದ್ದರೂ ಓದಬಹುದು

ಜೆಫ್ ಲೆಮೀರ್ ಅವರ 'ಎಸೆಕ್ಸ್ ಕೌಂಟಿ' ಎಂಬ ಚಿತ್ರಕಾದಂಬರಿ (ಗ್ರಾಫಿಕ್ ನಾವೆಲ್) ಓದಲು ಐಸ್ ಹಾಕಿ ಗೊತ್ತಿರಬೇಕಾ, ಮೂರು ಭಾಗಗಳನ್ನು ಹೇಗೆ ಬೇಕಾದರೂ ಓದಬಹುದಾ ಅಂತ ಕೇಳಿದ್ದೀರಿ. ಹಾಕಿ ಗೊತ್ತಿರಬೇಕಿಲ್ಲ. ನನಗೂ ಅದರ ನಿಯಮ ಒಂದೂ ಗೊತ್ತಿರಲಿಲ್ಲ.

ಕ್ರಮ ಮಾತ್ರ ತಪ್ಪಿಸಬೇಡಿ. ಮೊದಲು ಹುಡುಗ ಲೆಸ್ಟರ್, ಆಮೇಲೆ ತಮ್ಮನನ್ನು ನೆನೆಯುವ ಕಿವುಡ ಮುದುಕ ಲೂ, ಕೊನೆಗೆ ಊರೂರು ಸುತ್ತುವ ನರ್ಸ್ ಆನ್. ಯಾರಿಗೆ ಯಾರು ಏನಾಗಬೇಕು ಅನ್ನೋದು ಪೂರ್ತಿ ತಿಳಿಯುವುದು ಕೊನೆಯಲ್ಲೇ. 2009ರಲ್ಲಿ ಬಂದ ಒಂದೇ ಸಂಪುಟದಲ್ಲಿ ಮೂರೂ ಇವೆ, ಅದನ್ನೇ ಕೊಳ್ಳಿ.

ಲೆಮೀರ್ ಹುಟ್ಟಿದ್ದು ಕೆನಡಾದ ಅದೇ ಎಸೆಕ್ಸ್ ಕೌಂಟಿಯಲ್ಲಿ. ಆ ಊರಿನ ಮೌನ ಅವರಿಗೆ ಚೆನ್ನಾಗಿ ಗೊತ್ತು. ಅಮ್ಮ ಕ್ಯಾನ್ಸರ್‌ನಿಂದ ತೀರಿಕೊಂಡ ಮೇಲೆ ಹತ್ತು ವರ್ಷದ ಲೆಸ್ಟರ್ ಸೋದರಮಾವ ಕೆನ್ ಮನೆ ಸೇರುತ್ತಾನೆ. ಸೂಪರ್‌ಹೀರೋ ಥರ ಮುಖವಾಡ ಹಾಕಿಕೊಂಡೇ ಓಡಾಡುತ್ತಾನೆ. ಮಾವನಿಗೆ ಪ್ರೀತಿ ಇದೆ, ಆದರೆ ಮಾತು ಬರುವುದಿಲ್ಲ. ಅವರಿಬ್ಬರೂ ಸುಮ್ನೆ ಕೂತಿರುವ ಪುಟಗಳಲ್ಲಿ ನಾನು ತುಂಬಾ ಹೊತ್ತು ನಿಂತುಬಿಟ್ಟೆ. ಬಣ್ಣವಿಲ್ಲ, ಬರೀ ಕಪ್ಪು ಬಿಳುಪು. ಹಿಮ ಬಿದ್ದ ಬಯಲು, ಮೇಲೊಂದು ಕಾಗೆ, ಅಷ್ಟೇ.

ಮಾತು ಕಡಿಮೆ ಇದೆ ಅಂತ ಬೇಗ ಬೇಗ ಪುಟ ತಿರುಗಿಸಬೇಡಿ. ದಿನಕ್ಕೊಂದು ಭಾಗ ಸಾಕು.