ಮೂವರು ಜೋಸೆಫರ ಗೋದಲಿ

ಪ್ರಶ್ನೆ: ಮಗಳು ಚೆಕ್ ದೇಶದ ಪ್ರಾಗ್‌ನಲ್ಲಿದ್ದಾಳೆ. ಡಿಸೆಂಬರ್‌ನಲ್ಲಿ ನಾವಿಬ್ಬರೂ ಹೋಗುತ್ತಿದ್ದೇವೆ, ಮೊಮ್ಮಗನೂ ಜೊತೆಗಿರುತ್ತಾನೆ. ಅಲ್ಲಿ ಗೋದಲಿಗಳಿಗೇ (ಯೇಸು ಹುಟ್ಟಿದ ದೃಶ್ಯದ ಗೊಂಬೆ ಜೋಡಣೆ) ಅಂತ ಮ್ಯೂಸಿಯಂ ಇದೆಯಂತೆ. ಒಂದಿಡೀ ದಿನ ಕೊಡುವಷ್ಟು ಏನಿದೆ ಅಲ್ಲಿ? ಗೋದಲಿ ನಮ್ಮ ಇಗರ್ಜಿಯಲ್ಲೂ ಪ್ರತಿ ವರ್ಷ ಕಟ್ಟುತ್ತೇವಲ್ಲ!
– ಓದುಗರೊಬ್ಬರು, ಮಂಗಳೂರು

ಉತ್ತರ: ಕಟ್ಟುತ್ತೀರಿ, ಜನವರಿಯಲ್ಲಿ ಬಿಚ್ಚಿಡುತ್ತೀರಿ. ಇದು ಬಿಚ್ಚುವ ಬಾಬತ್ತಲ್ಲ. ಧೈರ್ಯವಾಗಿ ಒಂದು ದಿನ ಕೊಡಿ.

ಪ್ರಾಗ್‌ನಿಂದ ಹ್ರಾದೆತ್ಸ್ ಕ್ರಾಲೊವೆಗೆ ರೈಲಿದೆ. ಅಲ್ಲಿಗೆ ಹತ್ತಿರದ ಸಣ್ಣ ಊರು ತ್ಶೆಬೆಖೊವಿತ್ಸೆ. ಅಲ್ಲಿನ ಮ್ಯೂಸಿಯಂನಲ್ಲಿ ಗೋದಲಿಗಳು ಬೇಕಾದಷ್ಟಿವೆ. ಅವನ್ನೆಲ್ಲ ಆಮೇಲೆ ನೋಡಿ. ಮೊದಲು ಪ್ರೊಬೋಷ್ಟ್ ಗೋದಲಿಯ ಮುಂದೆ ನಿಲ್ಲಿ.

ಜೋಸೆಫ್ ಪ್ರೊಬೋಷ್ಟ್ (1849–1926) ಆ ಊರಿನ ರೈತ. ಗೊಂಬೆ ಕೆತ್ತಲು ಜೊತೆಯಾದವರು ಜೋಸೆಫ್ ಕಪುತ್ಸಿಯಾನ್. ಗೊಂಬೆ ಓಡಾಡುವಂತೆ ಯಂತ್ರ ಕೂಡಿಸಿದವರು ಜೋಸೆಫ್ ಫ್ರಿಮ್ಲ್. ಗೋದಲಿಯೊಳಗಿರುವ ಬಡಗಿ, ಯೇಸುವಿನ ಸಾಕುತಂದೆ ಜೋಸೆಫನನ್ನೂ ಎಣಿಸಿದರೆ ನಾಲ್ವರಾದರು! ಸುಮಾರು 40 ವರ್ಷ ಹಿಡಿದ ಕೆಲಸ. ಉದ್ದ 7 ಮೀಟರ್ ಹತ್ತಿರ, ಮರದ ತುಂಡುಗಳು 2000ಕ್ಕೂ ಜಾಸ್ತಿ. 1967ರಲ್ಲಿ ಕೆನಡಾದ ಮಾಂಟ್ರಿಯಲ್ ವಿಶ್ವಮೇಳಕ್ಕೂ ಹೋಗಿ ಬಂದಿದೆ.

ನನಗೆ ಇಷ್ಟವಾಗುವುದು ಅದರ ಉದ್ದವಲ್ಲ. ಯೇಸುವಿನ ಕಥೆಯ ಮಧ್ಯೆಯೇ ಆ ಊರಿನ ಕಸುಬುದಾರರೂ ಸುಮ್ನೆ ತಮ್ಮ ಪಾಡಿಗೆ ಕೆಲಸ ಮಾಡುತ್ತಿರುತ್ತಾರೆ. ಗೋದಲಿಯೊಳಗೆ ಇವರೆಲ್ಲ ಹೇಗೆ ಬಂದರು ಅಂತೀರಾ? ಮೊದಲು ಅಲ್ಲೂ ಗೋದಲಿ ಇಗರ್ಜಿಯದ್ದೇ ಆಗಿತ್ತು. 1780ರ ದಶಕದಲ್ಲಿ ಆ ನಾಡನ್ನು ಆಳುತ್ತಿದ್ದ ಚಕ್ರವರ್ತಿ ಎರಡನೇ ಜೋಸೆಫ್ (ಇವನೊಬ್ಬ ಐದನೆಯವನು!) ಇಗರ್ಜಿಗಳಲ್ಲಿ ಗೋದಲಿ ಇಡಬಾರದೆಂದ. ಜನ ಬಿಡಲಿಲ್ಲ, ಮನೆಯಲ್ಲೇ ಮಾಡತೊಡಗಿದರು. ಮನೆಗೆ ಬಂದ ಮೇಲೆ ಕೇಳುವವರು ಯಾರು? ಬೇತ್ಲೆಹೇಮಿನ ದಾರಿಯಲ್ಲಿ ತಮ್ಮೂರಿನವರನ್ನೇ ನಿಲ್ಲಿಸಿದರು.

ಇನ್ನೂ ದೊಡ್ಡದು ಬೇಕೆಂದು ಮೊಮ್ಮಗ ಹಟ ಹಿಡಿದರೆ ದಕ್ಷಿಣಕ್ಕೆ, ಯಿಂದ್ರಿಖುವ್ ಹ್ರಾದೆತ್ಸ್‌ಗೆ ಹೋಗಬೇಕು. ಅಲ್ಲಿ ಕಾಲುಚೀಲ ಮಾಡುತ್ತಿದ್ದ ತೊಮಾಶ್ ಕ್ರೀಜಾ 60 ವರ್ಷಕ್ಕೂ ಹೆಚ್ಚು ಕಾಲ ಮಾಡಿದ ಗೋದಲಿ ಇದೆ. 1398 ಗೊಂಬೆ, ಅದರಲ್ಲಿ 133 ಅಲ್ಲಾಡುತ್ತವೆ. ಎರಡೂ ಊರು ಒಂದೇ ದಿನಕ್ಕೆ ಬೇಡ, ಬೇರೆ ಬೇರೆ ದಿಕ್ಕು.

ಎಲ್ಲಿಗೇ ಹೋದರೂ ಗೊಂಬೆಗಳನ್ನು ಓಡಿಸಿ ತೋರಿಸುವ ಹೊತ್ತು ಯಾವುದೆಂದು ಮೊದಲೇ ಮಗಳ ಹತ್ತಿರ ವಿಚಾರಿಸಿಕೊಳ್ಳಿ. ಡಿಸೆಂಬರ್ 24ಕ್ಕೆ ಮಾತ್ರ ಪ್ರಯಾಣ ಇಟ್ಟುಕೊಳ್ಳಬೇಡಿ. ಚೆಕ್ ಜನರಿಗೆ ಹಬ್ಬದ ಊಟ, ಉಡುಗೊರೆ ಎಲ್ಲ ಅಂದೇ ಸಂಜೆ.